ಹಡಗಲಿ ಅತ್ತಿಯ ಪರಾತ, ನನ್ನ ಗಾಡಿಯ ಹೊಟ್ಟೆ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದೆ, ಕೆಲವರಿಗೆ ವಾಹನಯೋಗ. ನನಗೆ ಮಾತ್ರ ಬ್ರಹ್ಮ ಫಜೀತಿಯೋಗ ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದಾನೆ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ ನೋಡ್ರಿ. ಫಜೀತಿಯೇ ನಮ್ಮ ಮನೆ ವಿಚಾರಿಸಿಕೊಂಡು ಬರುತ್ತದೆ, ಬಂದ ಮೇಲೆ ಉಣ್ಣದೆ ಹೋಗುವುದಿಲ್ಲ.

ಈಗ ಹೇಳುವುದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ಆಗ ನಾನು ಹರಪನಹಳ್ಳಿ ತಾಲೂಕಿನಲ್ಲಿ ಜಾನುವಾರು ಪರಿವೀಕ್ಷಕ. ಈ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯುತ್ತಿರಲಿಲ್ಲ. ಜನಕ್ಕೆ ನಾನು ದನದ ಡಾಕ್ಟ್ರು. ಮನೆ ಚಿಗಟೇರಿಯಲ್ಲಿ. ಅದೇ ತಾಲೂಕಿನ ಅರಸೀಕೆರೆ, ತೆಲಿಗಿ ಅಂತ ದಿನಾ ತಿರುಗಾಟ, ತಿರುಗಾಟಕ್ಕೆ ಒಂದು ನೂರು ಸಿಸಿ ಗಾಡಿ. ಆ ಗಾಡಿಯ ಹೊಟ್ಟೆ ಕಾಪಾಡಲು ಹೋಗಿ ನನ್ನ ಹೆಂಡತಿಯ ತಮ್ಮನ ಮದುವೆಯನ್ನೇ ಮುರಿಯುವ ಹಂತಕ್ಕೆ ತಂದವನು ನಾನು. ಒಬ್ಬನೇ ಅಲ್ಲ, ಹೆಂಡತಿಯೂ ಸೇರಿದ್ದಳು. ಆಕೆ ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ಇರಲಿ, ಬರೆಯುತ್ತಿರುವವನು ನಾನಲ್ಲವೇ.

೧. ಗಾಡಿಯ ಹೆರಿಗೆ

ಮೋಟರ್‌ಸೈಕಲ್ಲಿನ ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಒಂದು ಭಾಗ ಇರುತ್ತದೆ. ಗ್ಯಾರೇಜಿನವರು ಅದಕ್ಕೆ ಚೇಂಬರ್ ಅಂತಾರೆ. ಅದಕ್ಕೆ ಕಲ್ಲು ಬಡಿದರೆ ಒಡೆಯುತ್ತದೆ, ಒಡೆದರೆ ಎಣ್ಣೆ ಸೋರುತ್ತದೆ, ಎಣ್ಣೆ ಸೋರಿದರೆ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ದಾರಿಯಲ್ಲಿ ಕಲ್ಲಿಗೇನು ಬರವೇ? ಗುತ್ತಿಗೆದಾರ ಜಲ್ಲಿ ಸುರಿದು, ಡಾಂಬರು ತರ್ತೀನಿ ಅಂತ ಹೋದವನು ಯಾವ ದೇಶ ಸೇರಿದನೋ ಗೊತ್ತಿಲ್ಲ. ಆ ಜಲ್ಲಿ ಕೂರಿಸುವ ಕೆಲಸ ನಮ್ಮಂಥವರ ಟೈರಿಗೆ ಬಿದ್ದಿತ್ತು.

ಒಂದು ಮುಂಜಾನೆ ಅರಸೀಕೆರೆ ಕಡೆಯ ರೈತನೊಬ್ಬ ಓಡಿ ಬಂದ.

"ಡಾಕ್ಟ್ರ, ಲಗೂನ ಬರ್ರಿ. ಎಮ್ಮಿ ಈಯಾಕ ಒದ್ದಾಡಾಕ ಹತ್ತೈತಿ, ಕರ ಅಡ್ಡ ಬಂದಂಗೈತಿ."

ಅವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಕೆಳಗೆ 'ಟಣ್' ಅಂತು. ಕಲ್ಲು ಸಿಡಿದಿರಬೇಕು ಅಂತ ಲೆಕ್ಕಿಸದೆ ಹೋದೆ. ಊರು ಇನ್ನೇನು ಬಂತು ಅನ್ನುವಾಗ ಗಾಡಿ ಒಂದು ಸಲ ನರಳಿ ನಿಂತುಬಿಟ್ಟಿತು. ಹಿಂತಿರುಗಿ ನೋಡಿದರೆ ದಾರಿಯುದ್ದಕ್ಕೂ ಎಣ್ಣೆ ಸೋರಿದ ಗೆರೆ. ಇಬ್ಬರೂ ತಳ್ಳಿಕೊಂಡು, ಬೆವರು ಸುರಿಸಿಕೊಂಡು ಅವನ ಮನೆ ಮುಟ್ಟಿದೆವು.

ಹೋಗಿ ನೋಡಿದರೆ ಎಮ್ಮೆ ನಮ್ಮನ್ನು ಕಾಯದೆ ತಾನೇ ಈದು, ಕರುವಿನ ಹಿಂದೆ ಬೀಳುವ ಮಾಸನ್ನೂ ಕೆಡವಿ, ಕರು ನೆಕ್ಕುತ್ತಾ ನಿಂತಿದೆ. ಆ ಮನೆಯ ಅಜ್ಜಿ ಕರುವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೊಟ್ಟೆಯಿಂದ ತೊಟತೊಟ ಸುರಿಸುತ್ತಿದ್ದ ಗಾಡಿಯನ್ನು ನೋಡಿದಳು.

"ಎಮ್ಮಿ ಚಂದಾಗಿ ಈದೈತಪ್ಪಾ. ಆದ್ರ ನಿನ್ನ ಗಾಡೀದು ಇನ್ನಾ ಮಾಸು ಬಿದ್ದಂಗಿಲ್ಲ, ಮೊದಲು ಅದನ್ನ ನೋಡ್ಕೊ."

೨. ತಗಡಿನ ತಾಳ

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಮೇಸ್ತ್ರಿಯ ಗ್ಯಾರೇಜ್ ಇತ್ತು. ಮೇಸ್ತ್ರಿ ಒಳ್ಳೆಯವನು, ಒಂದೇ ದೋಷ ಅಂದರೆ ಯಾವ ಕೆಲಸಕ್ಕೂ ಆಗುವುದಿಲ್ಲ ಅನ್ನುತ್ತಿರಲಿಲ್ಲ. ಚೇಂಬರ್ ಹಾಕಿಕೊಟ್ಟು, "ಸಾರ್, ಇದೇ ದಾರಿಗೆ ಹೋದ್ರ ಇದೂ ಒಡಿತೈತಿ. ಎಂಜಿನ್ ಕೆಳಗ ಒಂದು ತಗಡು ಕೊಡೋಣ. ಕಲ್ಲು ತಗಡಿಗೆ ಬಡೀಲಿ, ಚೇಂಬರ್ ಆರಾಮಿರಲಿ" ಅಂದ.

ಅಂಗಡಿಯಿಂದ ಖಾಲಿ ಎಣ್ಣೆ ಡಬ್ಬಿ ತಂದು, ಸೀಳಿ, ಹರವಿ, ತಂತಿಯಿಂದ ಬಿಗಿದ. ಗಾಡಿ ಶುರು ಮಾಡಿದೆ ನೋಡ್ರಿ, ಯಪ್ಪಾ! ಮೊಹರಮ್ಮಿನ ಹಲಗೆಗಳೆಲ್ಲ ನನ್ನ ಕಾಲ ಕೆಳಗೇ ಬಾರಿಸಿದ ಹಾಗೆ ಸದ್ದು. ಗೇರು ಬದಲಿಸಿದರೆ ತಾಳ ಬೇರೆ ಬದಲಾಗುತ್ತಿತ್ತು.

ಮನುಷ್ಯರು ಸಹಿಸಿಕೊಂಡರು, ದನಗಳು ಸಹಿಸಲಿಲ್ಲ. ಈ ಸದ್ದಿನ ಹಿಂದೆಯೇ ಸೂಜಿ ಬರುತ್ತದೆ ಅಂತ ಅವಕ್ಕೆ ಗೊತ್ತಾಗಿಹೋಯಿತು. ತೆಲಿಗಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದ ದಿನ, ನಾನು ಊರ ಅಗಸೆ ಬಾಗಿಲು ದಾಟುವ ಮೊದಲೇ ಎತ್ತು, ಎಮ್ಮೆ, ಆಕಳು ಎಲ್ಲಾ ಹಗ್ಗ ಹರಿದುಕೊಂಡು ಹೊಲದ ಕಡೆ ಓಟ. ಕಟ್ಟಿದ ಗೂಟಗಳಷ್ಟೇ ನನ್ನನ್ನು ಎದುರುಗೊಂಡವು. ಹೆಂಗಸರು ಬೈದರು, ಗಂಡಸರು ದನ ಅಟ್ಟಿಕೊಂಡು ಬರಲು ಹೋದರು.

ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯ ಮಾತ್ರ ಬಹಳ ಪ್ರೀತಿಯಿಂದ ಹತ್ತಿರ ಕರೆದ. ಅಂತೂ ಒಬ್ಬರಾದರೂ ಮರ್ಯಾದೆ ಕೊಟ್ಟರಲ್ಲ ಅಂತ ಹೋಗಿ ಕೈಮುಗಿದೆ.

"ಡಾಕ್ಟ್ರ, ನಿಮಗ ಕೈಮುಗಿದು ಕೇಳ್ಕೋತೀನಿ. ಮೆಕ್ಕಿಜೋಳಕ್ಕ ಹಂದಿ ಕಾಟ ಭಾಳ ಆಗೇತಿ. ನಾಳೆ ಸಂಜಿಮುಂದ ನಮ್ಮ ಹೊಲದ ಬದುವಿನ ಮ್ಯಾಲ ಈ ಗಾಡೀಲೆ ಒಂದು ರೌಂಡ್ ಹೊಡೀರಲ್ಲ."

೩. ಕೊಟ್ಟದ್ದಲ್ಲ, ಇಟ್ಟದ್ದು

"ಇದಕ್ಕ ಜರ್ಮನ್ ಆಗಬೇಕ್ರಿ ಸಾರ್" ಅಂದ ಮೇಸ್ತ್ರಿ. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಅಂತಲೇ ಹೆಸರು. "ಹಗೂರ ಇರತೈತಿ, ತುಕ್ಕು ಹಿಡಿಯಂಗಿಲ್ಲ, ಸಪ್ಪಳ ಮಾಡಂಗಿಲ್ಲ. ಆದ್ರ ದಪ್ಪನ್ನ ಶೀಟು ಹರಪನಹಳ್ಯಾಗ ಸಿಗಂಗಿಲ್ಲ. ಮನ್ಯಾಗ ಯಾವುದಾರ ದೊಡ್ಡ ಹಳೀ ಪಾತ್ರಿ ಇದ್ರ ನೋಡ್ರಿ."

ಇಲ್ಲಿ ಹಡಗಲಿ ಅತ್ತಿಯನ್ನು ಕರೆತರಬೇಕು. ನನ್ನ ಹೆಂಡತಿಯ ಅಪ್ಪನ ಅಕ್ಕ, ಹೂವಿನಹಡಗಲಿಯಲ್ಲಿ ಮನೆ. ಕೈ ಬಹಳ ದೊಡ್ಡದು, ಯಾರ ಮನೆಯ ಮದುವೆಯಾದರೂ ಪಾತ್ರೆ ಉಡುಗೊರೆ ಕೊಡುತ್ತಾಳೆ, ಅದರ ಮೇಲೆ ಹೆಸರು ಕೊರೆಸಿಯೇ ಕೊಡುತ್ತಾಳೆ. ಅಂಗಡಿಯಲ್ಲಿ ಪಾತ್ರೆಯನ್ನು ಕಣ್ಣಿಂದ ನೋಡುವುದಿಲ್ಲ, ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಂದ ನೋಡುತ್ತಾಳೆ. ಆದರೆ ಆಕೆ ಕೊಟ್ಟದ್ದು ಕೊಟ್ಟಂಗಲ್ಲ, ನಮ್ಮ ಮನೆಯಲ್ಲಿ ಇಟ್ಟಂಗೆ. ಬಂದಾಗಲೆಲ್ಲ ನೀರು ಕುಡಿಯುವ ಮೊದಲು "ನನ್ನ ಪಾತ್ರಿ ಎಲ್ಲೈತಿ?" ಅಂತ ತಪಾಸಣೆ. ಕೂಡ್ಲಿಗಿಯಲ್ಲಿ ಒಬ್ಬರು ಸಂಬಂಧಿಕರು ಆಕೆ ಕೊಟ್ಟ ತಂಬಿಗೆಯನ್ನು ಬೇರೆ ಯಾರದೋ ಮದುವೆಯಲ್ಲಿ ಮುಯ್ಯಿ ಮಾಡಿದರು. ಅದು ಗೊತ್ತಾದಂದಿನಿಂದ ಅವರ ಹೊಸಲು ತುಳಿಯುವುದಿರಲಿ, ಬಸ್ಸು ಕೂಡ್ಲಿಗಿಯಲ್ಲಿ ನಿಂತರೆ ಅತ್ತಿ ಕಿಟಕಿಯ ಕಡೆ ಮುಖವನ್ನೂ ತಿರುಗಿಸುವುದಿಲ್ಲ.

ನಮ್ಮ ಮದುವೆಗೆ ಆಕೆ ಕೊಟ್ಟದ್ದು ಒಂದು ಜರ್ಮನ್ ಪರಾತ. ಹೋಳಿಗೆಯ ಕಣಕ ನಾದುವ ಅಗಲ ತಟ್ಟೆ, ಇಡೀ ಓಣಿಗೆ ಸಾಕಾಗುವಷ್ಟು ದೊಡ್ಡದು. ಒಳಗೆ ದಪ್ಪ ಅಕ್ಷರದಲ್ಲಿ 'ಸೋದರತ್ತೆಯ ಪ್ರೀತಿಯ ಉಡುಗೊರೆ, ಹೂವಿನಹಡಗಲಿ'. ನಮ್ಮ ಮನೆಯ ಯಾವ ಕಪಾಟಿನಲ್ಲೂ ಹಿಡಿಯುತ್ತಿರಲಿಲ್ಲ. ಮಂಚದ ಕೆಳಗಿಟ್ಟರೆ ಕಾಲಿಗೆ ಬಡಿಯುತ್ತಿತ್ತು, ಗೋಡೆಗೆ ಒರಗಿಸಿದರೆ ಬೆಕ್ಕು ಕೆಡವುತ್ತಿತ್ತು. ಓಣಿಯವರೆಲ್ಲ ಅದನ್ನು ಕೇಳಿ ತಗೊಂಡು ಹೋಗುವುದು, ನಮ್ಮಾಕಿ, ಅಂದರೆ ನನ್ನ ಹೆಂಡತಿ, ಅದನ್ನು ಹುಡುಕಿಕೊಂಡು ಹೋಗುವುದು, ಇದೇ ಸಂಸಾರವಾಗಿತ್ತು.

ನಾನು ಮೇಸ್ತ್ರಿಯ ಮಾತು ಹೇಳಿ, ಬಾಯಿ ಮುಚ್ಚುವುದರೊಳಗೆ ನಮ್ಮಾಕಿ ಪರಾತವನ್ನು ಬಾಗಿಲಿಗೆ ತಂದಿಟ್ಟಳು.

"ಅತ್ತಿ?" ಅಂದೆ.

"ಅತ್ತೀಗೆ ಮೊಣಕಾಲು ನೋವು. ಇನ್ನ ಮ್ಯಾಲ ಚಿಗಟೇರಿ ತನಕ ಬರೂದಾಗಂಗಿಲ್ಲ ಅಂತ ಆಕೀನ ಹೇಳ್ಯಾಳ. ಹೆಸರು ಮಾತ್ರ ಒಳಗ ಬರೋ ಹಂಗ ಮಾಡಸ್ರಿ, ಯಾರಿಗೂ ಕಾಣಬಾರ್ದು."

"ಪಾಪ, ಮೊಣಕಾಲು ಭಾಳ ನೋವೇನು?" ಅಂತ ಕೇಳಿದೆ. ನಮ್ಮಾಕಿ ನಿಟ್ಟುಸಿರು ಬಿಟ್ಟು ಹೇಳಿದಳು:

"ದೇವ್ರು ದೊಡ್ಡಾವ ರೀ. ವಾಸಿ ಆಗಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರಂತ."

೪. ಪರಾತಕ್ಕೆ ಕ್ಷೌರ

ಮೇಸ್ತ್ರಿ ರಟ್ಟಿನ ಪೆಟ್ಟಿಗೆ ಕತ್ತರಿಸಿ ಎಂಜಿನ್ ತಳಕ್ಕೆ ಹಿಡಿದು ಅಳತೆ ತೆಗೆದ. ಪರಾತದ ಅಂಚನ್ನು ಹ್ಯಾಕ್ಸಾ ಗರಗಸದಿಂದ ಸುತ್ತಲೂ ಕೊಯ್ದ. ಆ ಬಳೆಯಂಥ ಅಂಚು ಗ್ಯಾರೇಜಿನ ನೀರಿನ ಮಡಕೆಗೆ ಸಿಂಬೆಯಾಯಿತು. ಉಳಿದ ಅಗಲ ಭಾಗವನ್ನು ಎಂಜಿನ್ನಿನ ಆಕಾರಕ್ಕೆ ಬಗ್ಗಿಸಬೇಕು. ಜರ್ಮನ್ನನ್ನು ಹಾಗೇ ಬಗ್ಗಿಸಿದರೆ ಬಿರುಕು ಬಿಡುತ್ತದಂತೆ.

"ಒಂದು ಸೋಪು ತರ್ರಿ ಸಾರ್" ಅಂದ.

ಸೋಪು ಹಚ್ಚಿ ಬೆಂಕಿ ಹಿಡಿಯಬೇಕು, ಸೋಪು ಕಪ್ಪಗಾದರೆ ಹದ ಬಂತು ಅಂತ ಅರ್ಥ, ಆರಿದ ಮೇಲೆ ಹೇಳಿದಂತೆ ಬಗ್ಗುತ್ತದೆ. ನಾನು ಪಕ್ಕದ ಅಂಗಡಿಯಿಂದ ಗಂಧದ ವಾಸನೆಯ ಮೈಸೋಪು ತಂದೆ. ಹೆಂಡತಿಗೆ ತರದ ಸೋಪು ಗಾಡಿಗೆ ತಂದೆ ಅನ್ನುವುದು ಬೇರೆ ವಿಷಯ. ಮೇಸ್ತ್ರಿ ನೀರು ಚಿಮುಕಿಸಿ ನೊರೆ ಬರುವಂತೆ ತಿಕ್ಕಿದ, ಗ್ಯಾಸಿನ ಬೆಂಕಿ ಹಿಡಿದ. ಪಂಕ್ಚರ್ ಹಾಕಿಸಲು ಬಂದಿದ್ದ ಒಬ್ಬ ಯಜಮಾನರು ಬಹಳ ಹೊತ್ತು ನೋಡಿದರು.

"ಏನಪಾ ಮೇಸ್ತ್ರಿ, ಪರಾತಕ್ಕ ಕ್ಷೌರ ಮಾಡಾಕ ಹತ್ತೀಯೇನು?"

ಹಳೆಯ ಬೋರ್‌ವೆಲ್ ಪೈಪಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಬಗ್ಗಿಸಿದ. ನಾಲ್ಕು ಕಡೆ ತೂತು ಹೊಡೆದು, ಹಳೆಯ ಚಪ್ಪಲಿಯ ರಬ್ಬರಿನ ವಾಷರ್ ಇಟ್ಟು ಬೋಲ್ಟು ಬಿಗಿದ. ಎಣ್ಣೆ ಬದಲಿಸಲು ತಳದಲ್ಲಿ ಒಂದು ಕಿಂಡಿ ಬೇರೆ. ಗಾಡಿ ಹೊಡೆದು ನೋಡಿದೆ. ಒಂದು ಚೂರು ಸದ್ದಿಲ್ಲ! ಖುಷಿ ತಡೆಯಲಾಗದೆ ಮೇಸ್ತ್ರಿಯನ್ನು ತಬ್ಬಿಕೊಂಡು, ಕೆಲಸ ಕಣ್ಣಾರೆ ನೋಡೋಣ ಅಂತ ಕೆಳಗೆ ಬಗ್ಗಿದೆ. ತಬ್ಬಿದ ಕೈ ಹಾಗೇ ಜಾರಿತು. ಗಾಡಿಯ ಹೊಟ್ಟೆಯ ಮೇಲೆ, ಹೊರಗಡೆಗೆ, ಫಳಫಳ ಹೊಳೆಯುತ್ತಿದೆ: 'ಸೋದರತ್ತೆಯ ಪ್ರೀತಿಯ ಉಡುಗೊರೆ, ಹೂವಿನಹಡಗಲಿ'.

"ಹೆಸರು ಒಳಗ ಇರಲಿ ಅಂತ ಬಡ್ಕೊಂಡಿದ್ನಲ್ಲೋ ಮಾರಾಯ!"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಗಂಭೀರವಾಗಿ ಹೇಳಿದ: "ಒಳಗ ಹಾಕಿದ್ರ ಎಣ್ಣಿ ಸೋರಿ ಅಕ್ಷರ ಹೊಲಸಾಗ್ತಾವ್ರಿ ಸಾರ್. ಕೊಟ್ಟ ಹಿರೇರ ಮನಸ್ಸಿಗೆ ನೋವಾಗಬಾರ್ದು ನೋಡ್ರಿ."

೫. ಹುರುಳಿ ಸ್ಪೆಷಲ್

ಮತ್ತೆ ಬಗ್ಗಿಸಿದರೆ ಬಿರುಕು ಬೀಳುತ್ತದೆ ಅಂದದ್ದಕ್ಕೆ ಹಾಗೇ ಬಿಟ್ಟೆ. ನೆಲ ನೋಡುತ್ತಿರುವ ಹೆಸರನ್ನು ಯಾರು ಓದುತ್ತಾರೆ ಅಂತ ನಮ್ಮಾಕಿಯೂ ಸಮಾಧಾನ ಮಾಡಿಕೊಂಡಳು. ಪರಾತ ಮಾತ್ರ ಗಟ್ಟಿ ಗಿರಾಕಿ. ಕಲ್ಲು ಬಡಿದರೆ 'ಟಣ್' ಅಂತ ಗಂಟೆಯ ಹಾಗೆ ಒಂದು ಸಲ ಅನ್ನುವುದು, ಸುಮ್ಮನಾಗುವುದು.

ಸುಗ್ಗಿ ಬಂತು. ನಮ್ಮ ಕಡೆ ಒಕ್ಕಣೆಗೆ ಕಣ ಯಾರು ಮಾಡುತ್ತಾರೆ? ಹುರುಳಿ, ನವಣೆ ಎಲ್ಲಾ ಡಾಂಬರು ಕಂಡಿರುವ ಕಡೆ ರಸ್ತೆಯ ಮೇಲೇ ಹರವಿಬಿಡುತ್ತಾರೆ, ಬಸ್ಸು ಲಾರಿ ತುಳಿದು ಕೊಡುತ್ತವೆ. ಒಂದು ದಿನ ಹುರುಳಿ ಬಳ್ಳಿಯ ಮೇಲೇ ದಾರಿ ಸವೆಸಿಕೊಂಡು ತೆಲಿಗಿಗೆ ಹೊರಟೆ. ದಾರಿಯಲ್ಲೇ ಏನೋ ಘಮಘಮ. ಯಾರ ಮನೆಯಲ್ಲೋ ಹುರಿಯುತ್ತಿದ್ದಾರೆ ಅಂದುಕೊಂಡೆ. ಮುಂದಿನ ಊರಿನಲ್ಲೂ ಅದೇ ವಾಸನೆ. ಅದರ ಮುಂದಿನ ಹೊಲದಲ್ಲೂ ಅದೇ. ಇಡೀ ತಾಲೂಕು ಒಂದೇ ದಿನ ಹುರುಳಿ ಹುರಿಯಲು ಕೂತಿದೆಯಲ್ಲ ಅಂತ ಸೋಜಿಗಪಟ್ಟೆ.

ತೆಲಿಗಿಯ ಚಹಾದಂಗಡಿ ಮುಂದೆ ನಿಲ್ಲಿಸಿದಾಗ ಗಾಡಿಯ ಕೆಳಗಿಂದ ಹೊಗೆ. ಅಂಗಡಿಯವನು ನೀರು ಹಿಡಿದು ಓಡಿ ಬಂದ. ಬಗ್ಗಿ ನೋಡಿದರೆ ಎಂಜಿನ್ನಿಗೂ ಪರಾತಕ್ಕೂ ನಡುವೆ ಬಳ್ಳಿಯೆಲ್ಲ ತುರುಕಿಕೊಂಡು, ಕಾಯಿ ಒಡೆದು, ಕಾಳು ಪರಾತದೊಳಗೆ ಬಿದ್ದು ಎಂಜಿನ್ ಕಾವಿಗೆ ಕೆಂಪಗೆ ಹುರಿದುಹೋಗಿವೆ. ಕಡ್ಡಿಯಿಂದ ಕೆರೆದು ತೆಗೆದೆವು. ಅಂಗಡಿಯವನು ಊದಿ ಊದಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ.

"ಹದ ಭಾಳ ಚಲೋ ಬಂದೈತ್ರಿ ಡಾಕ್ಟ್ರ. ಒಂದಿಷ್ಟು ಶೇಂಗಾ ಕೊಡ್ತೀನಿ, ಅರಸೀಕೆರಿಗೆ ಹೋಗಿ ಬರೋದ್ರಾಗ ಹುರಕೊಂಡು ಬರ್ರಿ."

೬. ತಿಕ್ಕಿ ತಿಕ್ಕಿ ಹೊಸದು

ನಮ್ಮಾಕಿಯ ತಮ್ಮನಿಗೆ ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ. ಆಗಷ್ಟೇ ಹೊಸ ಗಾಡಿ ತಗೊಂಡಿದ್ದ. ಹಡಗಲಿ ಅತ್ತಿಯ ಮಗಳ ಮೇಲೆ ಅವನಿಗೆ ಚಿಕ್ಕಂದಿನಿಂದ ಮನಸ್ಸು, ಆ ಹುಡುಗಿಗೂ ಅವನೇ ಬೇಕು. ಸೋದರತ್ತೆಯ ಮಗಳು, ಕೇಳಿ ಮಾಡಿಕೊಳ್ಳುವ ಸಂಬಂಧವೇ. ಆದರೆ ಅತ್ತಿ ಹೂಂ ಅಂದಿರಲಿಲ್ಲ. ಅವನಿಗೆ ಅಪ್ಪ ಅವ್ವ ಇಬ್ಬರೂ ಇಲ್ಲದ್ದರಿಂದ ಅಕ್ಕನ ಮನೆಯಲ್ಲೇ, ಅಂದರೆ ನಮ್ಮ ಮನೆಯಲ್ಲೇ ಮಾತುಕತೆ ಆಗಬೇಕಿತ್ತು. ಒಂದು ದಿನ ಅತ್ತಿ ಪಕ್ಕದ ಮನೆಗೆ ಫೋನು ಮಾಡಿ ನಮ್ಮಾಕಿಯನ್ನು ಕರೆಸಿದಳು.

"ಮೊಣಕಾಲು ಸುಮಾರೈತವ್ವ, ನಾಟಿ ಔಷಧ ಹಿಡೀತು. ಬರೋ ಸೋಮವಾರ ಬರ್ತೀನಿ. ನಾ ಕೊಟ್ಟ ಪರಾತದಾಗ ಕಣಕ ನಾದಿ ಹೋಳಿಗಿ ಮಾಡು. ಪರಾತ ನೋಡ್ತೀನಿ, ಹೋಳಿಗಿ ಉಣ್ತೀನಿ, ಹೆಣ್ಣು ಕೊಡೋ ಮಾತು ಆಮ್ಯಾಲ."

ನಮ್ಮಾಕಿ ಫೋನಿಟ್ಟು ಬಂದವಳು ಹೊಸಲ ಮೇಲೇ ಕೂತಳು. "ಅಯ್ಯೋ ಶಿವನ! ನನ್ನ ತಮ್ಮನ ಬಾಳೇವು ನಿಮ್ಮ ಎಂಜಿನ್ ಕೆಳಗ ಐತಲ್ರೀ!"

"ಬಿಚ್ಚಿ ತೊಳೆದು ಅದರಾಗ ನಾದಿದ್ರಾತು ಬಿಡು" ಅಂದೆ.

"ಎಣ್ಣಿ ನಾತ ಹೊಡಿತೈತಿ!"

"ಹೋಳಿಗಿ ಕಣಕಕ್ಕ ಎಣ್ಣಿ ಬೇಕೇ ಬೇಕಲ್ಲ" ಅಂದೆ. ಆಕೆಯ ಕೈಗೆ ಲಟ್ಟಣಿಗೆ ಸಿಕ್ಕಿತು, ನಾನು ಅಂಗಳಕ್ಕೆ ಹಾರಿದೆ.

ಮರುದಿನವೇ ಹಗರಿಬೊಮ್ಮನಹಳ್ಳಿಯ ಪಾತ್ರೆ ಅಂಗಡಿಗೆ ಹೋಗಿ ಅದೇ ಅಳತೆಯ ಪರಾತ ಹುಡುಕಿ, ಅದೇ ಅಕ್ಷರ ಕೊರೆಸಿ ತಂದೆವು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಷ್ಟು ವರ್ಷದ ಹಳೇ ಪರಾತ ಹೀಗೆ ಹೊಳೆದರೆ ಅತ್ತಿ ನಂಬುತ್ತಾಳೆಯೇ? ಹುಣಸೆ ಹುಳಿ ಬಳಿದು ಬಿಸಿಲಿಗಿಟ್ಟೆವು. ದನದ ಆಸ್ಪತ್ರೆಗೆ ಬಂದ ಆಕಳಿಗೆ ಅದರಲ್ಲೇ ಹಿಂಡಿ ತಿನ್ನಿಸಿದೆ. ನಮ್ಮಾಕಿ ಒಲೆಯ ಮಸಿ ಬಳಿದಳು, ನಾನು ಕಲ್ಲಿನಿಂದ ಅಲ್ಲಲ್ಲಿ ಕುಟ್ಟಿದೆ. ಭಾನುವಾರದ ಹೊತ್ತಿಗೆ ಪರಾತ ನಮ್ಮಿಬ್ಬರಿಗಿಂತ ಮುದಿಯಾಗಿ ಕಾಣುತ್ತಿತ್ತು. ಒಂದು ಮನೆಯ ಕೆಲಸಕ್ಕೂ ಬಿದ್ದರೆ ಹದ ಪೂರ್ತಿಯಾಗುತ್ತದೆ ಅಂತ ಪಕ್ಕದ ಮನೆಯ ಅಕ್ಕನಿಗೆ ಕರೆದು ಕೊಟ್ಟೆವು.

ಸೋಮವಾರ ಬೆಳಿಗ್ಗೆ ಆಕೆ ವಾಪಸು ತಂದುಕೊಟ್ಟಳು. ಮುಖ ನೋಡಿಕೊಳ್ಳಬಹುದಿತ್ತು, ಹಾಗೆ ಹೊಳೆಯುತ್ತಿತ್ತು.

"ಮಂದಿ ಪಾತ್ರಿ ಒಯ್ದ ಮ್ಯಾಲ ತಂದದ್ದಕಿಂತ ಚಂದ ಮಾಡಿ ಕೊಡಬೇಕು ಅಂತ ನಮ್ಮವ್ವ ಹೇಳ್ತಿದ್ಲು. ಎಷ್ಟು ಮಸಿ, ಎಷ್ಟು ಕಲಿ ಇದ್ದುವಕ್ಕಾ! ರಾತ್ರಿ ಎಲ್ಲಾ ಕುಂತು ಬೂದಿ ಹಚ್ಚಿ ತಿಕ್ಕೀನಿ, ನನ್ನ ಕೈ ರಟ್ಟಿ ಎರಡೂ ಬಿದ್ದು ಹೋಗ್ಯಾವ."

೭. ಹಾವು ಚೇಳು ಓದ್ತಾವೇನು?

ಮತ್ತೆ ಮುದಿ ಮಾಡಲು ಹೊತ್ತಿರಲಿಲ್ಲ. ಅತ್ತಿ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಿತ್ತು. ಚಿಗಟೇರಿ ಬಸ್ಸು ಕೆಟ್ಟು ನಿಂತಿದೆ, ಬಂದು ಕರಕೊಂಡು ಹೋಗ್ರಿ ಅಂತ ಫೋನು. ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳಾ ಅಂತಾರಲ್ಲ, ಹಾಗೆ ಅತ್ತಿ ನೇರವಾಗಿ ತನ್ನ ಪರಾತದ ಮೇಲೇ ಕೂರಲು ಬಂದಿದ್ದಳು.

ಸೀರೆ ಸರಿಮಾಡಿಕೊಂಡು ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತಳು. ನಾನು ಕಲ್ಲು ತಪ್ಪಿಸುತ್ತಾ ಹೊಸ ಮದುಮಗಳನ್ನು ಕರೆದೊಯ್ಯುವವನ ಹಾಗೆ ಮೆಲ್ಲಗೆ ಹೊರಟೆ. ಜಲ್ಲಿ ರಸ್ತೆ ಶುರುವಾಯಿತು. ಒಂದು ಸಣ್ಣ ಕಲ್ಲು ಹಾರಿತು.

'ಟಣ್.'

"ಅಳಿಯಂದ್ರ," ಅಂತು ಹಿಂದಿನ ದನಿ. "ಏನದು ಸಪ್ಪಳ?"

"ಸ್ಟ್ಯಾಂಡು ಅತ್ತಿ."

ಸ್ವಲ್ಪ ದೂರ ಹೋದೆವು. 'ಟಣ್.'

"ಅಳಿಯಂದ್ರ, ಸ್ಟ್ಯಾಂಡಿನ ದನಿ ಹಿಂಗಿರಂಗಿಲ್ಲ. ಈ ದನಿ ನಾ ಎಲ್ಲೋ ಕೇಳೀನಿ."

ಮೈದುನನ ಮುಖ, ನಮ್ಮಾಕಿಯ ಲಟ್ಟಣಿಗೆ, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಣ್ಣ ಮುಂದೆ ಅವು ಬಂದದ್ದರಿಂದ ದಾರಿಯಲ್ಲಿದ್ದ ಗುಂಡುಕಲ್ಲು ಕಾಣಲಿಲ್ಲ. 'ಢಣ್' ಅಂತ ಬಡಿಯಿತು. ಗಾಡಿ ಮೆಲ್ಲಗೆ ವಾಲಿತು. ಅತ್ತಿ ಸರಕ್ಕನೆ ಇಳಿದು ನಿಂತಳು, ಔಷಧ ನಿಜವಾಗಿ ಹಿಡಿದಿತ್ತು. ನಾನೂ ಗಾಡಿಯೂ ದಾರಿ ಪಕ್ಕದ ಮರಳಿನಲ್ಲಿ ಮಲಗಿದೆವು. ಗಾಡಿ ಮಲಗಿದ್ದು ಹೇಗೆ? ಹೊಟ್ಟೆ ಪೂರ್ತಿ ಅತ್ತಿಯ ಕಡೆಗೆ ತಿರುಗಿಸಿ.

ಅತ್ತಿ ಬಗ್ಗಿದಳು. ಸೆರಗಿನಿಂದ ಮಣ್ಣು ಒರೆಸಿದಳು. ಓದಿದಳು. ಬೆರಳ ಗೆಣ್ಣಿನಿಂದ ಒಂದು ಸಲ ಬಡಿದು ಕಿವಿಗೊಟ್ಟಳು.

"ನಂದೇ" ಅಂದಳು.

ಇನ್ನೇನು ಉಳಿದಿತ್ತು? ಮರಳಿನಲ್ಲಿ ಕೂತುಕೊಂಡೇ ಎಲ್ಲಾ ಹೇಳಿಬಿಟ್ಟೆ: ಚೇಂಬರ್, ಸೋಪು, ಹಗರಿಬೊಮ್ಮನಹಳ್ಳಿಯಲ್ಲಿ ಕೊರೆಸಿದ ನಕಲಿ ಪರಾತ, ಎಲ್ಲಾ. "ನಿಮ್ಮ ಕಾಲಿಗೆ ಬೀಳ್ತೀನಿ ಅತ್ತಿ, ನಮ್ಮ ತಪ್ಪಿಗೆ ಆ ಹುಡುಗರ ಮದುವಿ ನಿಲ್ಲಸಬ್ಯಾಡ್ರಿ" ಅಂದೆ. ಹೊಟ್ಟೆಯೊಳಗಿಂದ ಬಂದ ಮಾತು ಅದು. ಆ ಹುಡುಗ ಅಷ್ಟು ಒಳ್ಳೆಯವನು.

ಅತ್ತಿ ಪರಾತದಲ್ಲಿ ಗುಂಡುಕಲ್ಲು ಮಾಡಿದ ತಗ್ಗನ್ನು ಕೈಯಾಡಿಸಿ ನೋಡಿದಳು. "ಒಡದಿಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖ ಕೆಂಪಗಾಗಿತ್ತು.

"ಎಲ್ಲಾ ಇರಲಿ ಅಳಿಯಂದ್ರ. ನನ್ನ ಹೆಸರು ನೆಲಕ್ಕ ಮುಖ ಮಾಡಿ ಯಾಕ ಹಾಕಿಸೀರಿ? ಯಾರು ಓದಬೇಕದನ್ನ? ಹಾವು ಚೇಳು ಓದ್ತಾವೇನು?"

೮. ನಾಲ್ಕು ತೂತು

ಗಾಡಿ ಎತ್ತಿ ನಿಲ್ಲಿಸಿದೆ. ಹತ್ತುವ ಮುಂಚೆ ಅತ್ತಿ ಬೆರಳು ತೋರಿಸಿ ಹೇಳಿದಳು: "ನಾ ಇದನ್ನ ನೋಡಿಲ್ಲ, ನೀವು ಹೇಳಿಲ್ಲ. ಮನ್ಯಾಗ ಬಾಯಿ ಬಿಟ್ರೋ, ಹೆಣ್ಣಿಲ್ಲ."

ಮನೆಯಲ್ಲಿ ನಮ್ಮಾಕಿ ಹೊಳೆಯುವ ಪರಾತವನ್ನು ಕಣಕದ ಸಮೇತ ತಂದು ಮುಂದಿಟ್ಟಳು. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಆಕೆಗೆ ಕಾಣಲೇ ಇಲ್ಲ.

"ನೋಡ್ರಿ ಅತ್ತಿ, ನಿಮ್ಮ ಪರಾತ. ಒಬ್ಬರಿಗೂ ಮುಟ್ಟಾಕ ಕೊಟ್ಟಿಲ್ಲ."

ಅತ್ತಿ ಬಡಿದು ಕಿವಿಗೊಟ್ಟಳು. "ಹೌದವ್ವ, ನಂದೇ. ಹೆಂಗ ಇಷ್ಟು ಹೊಳಿಯಂಗ ಇಟ್ಟೀ?"

"ದಿನಾ ತಿಕ್ಕಿ ಒರಸ್ತೀನಿ."

"ದಿನಾ?"

"ಸಂಜಿಮುಂದ ಊದಿನಕಡ್ಡಿನೂ ಬೆಳಗತೀನಿ ಅತ್ತಿ!"

ಆಗಲೇ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ಇಣುಕಿ, "ಅಕ್ಕಾ, ನಾಳಿಗೆ ಮತ್ತ ಆ ಪರಾತ ಬೇಕಿತ್ತು" ಅಂದಳು. ನಮ್ಮಾಕಿ ಆಕೆಯನ್ನು ನೋಡಿದ ನೋಟಕ್ಕೆ ಪಾಪ ಆಕೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿದಳು. ಅತ್ತಿ ಮುಖ ಗಂಭೀರವಾಗಿಟ್ಟುಕೊಂಡು ಹೋಳಿಗೆ ಉಂಡಳು, ತುಪ್ಪ ಹಾಕಿಸಿಕೊಂಡಳು, ಎಲೆ ಮಡಚಿ, "ಹೆಣ್ಣು ಕೊಟ್ಟೀನಿ" ಅಂದಳು. ನಮ್ಮಾಕಿ ಅತ್ತೇಬಿಟ್ಟಳು. ಕೈ ತೊಳೆಯಲು ನೀರು ಹಾಕುವಾಗ ನಾನು ಮೆಲ್ಲಗೆ ಕೇಳಿದೆ: "ಅತ್ತಿ, ಇಷ್ಟು ಸುಳ್ಳು ಕೇಳಿನೂ ಒಪ್ಪಿದ್ರಿ?"

"ನನಗ ಇಷ್ಟು ಅಂಜೋ ಮನಿ ಇಡೀ ಜಿಲ್ಲಾದಾಗ ಸಿಗಂಗಿಲ್ಲ ಅಳಿಯಂದ್ರ. ನನ್ನ ಮಗಳು ಆರಾಮ ಇರ್ತಾಳ."

ಹೋಗುವಾಗ ಪರಾತವನ್ನು ಬಗಲಲ್ಲಿಟ್ಟುಕೊಂಡಳು. "ಇದಕ್ಕ ಚೂರು ಕೆಲಸ ಐತವ್ವ, ಮಾಡಿಸಿ ಕೊಡ್ತೀನಿ." ಹೊಸ ಪರಾತಕ್ಕೆ ಏನು ಕೆಲಸ ಅಂತ ನಮ್ಮಾಕಿ ದಿನಗಟ್ಟಲೆ ತಲೆ ಕೆರೆದುಕೊಂಡಳು. ನಾನು ಬಾಯಿ ಬಿಡಲಿಲ್ಲ.

ಕೊಟ್ಟೂರಿನಲ್ಲಿ ಮದುವೆ. ಅಕ್ಷತೆ ಬಿದ್ದು ಆಯೇರಿ, ಅಂದರೆ ಉಡುಗೊರೆ ಕೊಡುವುದು, ಶುರುವಾಯಿತು. ಅತ್ತಿ ಆ ಪರಾತವನ್ನೇ ಹೊಸ ಅಳಿಯನ ಕೈಗಿಟ್ಟಳು. ಹಿರಿಯರೊಬ್ಬರು ಎತ್ತಿ ಹಿಡಿದು ಹೆಸರು ಓದಲು ಹೋದರೆ ಪರಾತದಲ್ಲಿ ನಾಲ್ಕು ಕಡೆ ನಾಲ್ಕು ತೂತು, ನಡುವೆ ಒಂದು ಕಿಂಡಿ. ಅಲ್ಲಿಂದ ಬೆಳಕು ಬಂದು ಅವರ ಮುಖದ ಮೇಲೆ ಬಿತ್ತು.

"ಇದೇನವ್ವ, ತೂತಿನ ಪರಾತ? ಕಣಕ ನಾದಿದ್ರ ಸೋರಂಗಿಲ್ಲೇನು?"

ಅತ್ತಿ ನನ್ನ ಹೆಂಡತಿಯ ಮುಖವನ್ನೇ ನೋಡುತ್ತಾ, ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದಳು: "ಇವರ ಮನ್ಯಾಗ ಪರಾತ ಕೊಟ್ರ ಕಣಕ ನಾದಂಗಿಲ್ರಿ, ಗಾಡೀಗೆ ಹಾಕ್ತಾರ. ಹೊಸದಾಗಿ ಗಾಡಿ ತಗೊಂಡಾನ ಹುಡುಗ, ಮತ್ತ ಮೇಸ್ತ್ರಿಗೆ ಯಾಕ ತ್ರಾಸು ಅಂತ ತೂತು ನಾನೇ ಹೊಡಿಸೀನಿ."

ಆರತಿ ತಟ್ಟೆ ಹಿಡಿದಿದ್ದ ನಮ್ಮಾಕಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಊಟದ ಪಂಕ್ತಿಯ ಕಡೆ ತಿರುಗಿದೆ. ಅಲ್ಲಿ ಮೊದಲ ಎಲೆಗೇ ಕೂತಿದ್ದ ಮೇಸ್ತ್ರಿ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ.

"ಬರೋಬ್ಬರಿ ಕುಂದರತೈತ್ರಿ, ಅಳತಿ ನಾನೇ ಕೊಟ್ಟೀನಿ!" ಅಂತ ಕೂಗಿದ. "ಈ ಸಲ ಹೆಸರು ಮುಂದಿನ ಗಾಲಿ ಕಡೆ ಬರತೈತ್ರಿ ಅವ್ವಾರ, ಎದುರಿಗೆ ಬಂದ ಬಸ್ಸಿನವ್ರೆಲ್ಲಾ ಓದ್ತಾರ!"